ಒಗೆದ ಬಟ್ಟೆಯ ಮುಗ್ಗಲು ವಾಸನೆಗೆ ಯಾವ ಮದ್ದು? ವಿನೆಗರ್, ಸೋಡಾ, ಆಕ್ಸಿಜನ್ ಬ್ಲೀಚ್ ಎಲ್ಲ ಹಾಕಿ ನೋಡಿದೆ

ಆಷಾಢದ ಸೋನೆ ಮಳೆ ಹಿಡಿಯಿತೆಂದರೆ ಮೈಸೂರಿನಲ್ಲಿ ಟರ್ಕಿ ಟವೆಲ್ ಒಣಗುವುದೇ ಇಲ್ಲ. ಕೊಡೆ ಬಿಚ್ಚುವಷ್ಟು ಮಳೆ ಬರಲ್ಲ, ಬಿಸಿಲೂ ಬರಲ್ಲ. ಮಷೀನಿನಿಂದ ತೆಗೆದಾಗ ಘಮ್ ಅನ್ನುವ ಬಟ್ಟೆ ಮಾರನೇ ದಿನಕ್ಕೆ ತಂತಿಯ ಮೇಲೇ ಕಮಟು ಹೊಡೆಯುತ್ತದೆ. ಮತ್ತೆ ಒಗೆದರೂ ಅದೇ ಕಥೆ. ಇದಕ್ಕೆ ಒಬ್ಬೊಬ್ಬರು ಒಂದೊಂದು ಮದ್ದು ಹೇಳುತ್ತಾರೆ. ಕುವೆಂಪುನಗರದ ನಮ್ಮ ಮನೆಯಲ್ಲಿ ಈ ಮಳೆಗಾಲ ಅವನ್ನೆಲ್ಲ ಮಾಡಿ ನೋಡಿದೆ.

ವಾಸನೆ ಹೊಡೆಯುತ್ತಿದ್ದ ಹಳೆಯ ಟರ್ಕಿ ಟವೆಲ್ ಒಂದನ್ನು ತುಂಡು ಮಾಡಿ, ಮೂಲೆಗೆ ಬೇರೆ ಬೇರೆ ಬಣ್ಣದ ದಾರ ಹೊಲಿದೆ. ಒಂದೊಂದು ತುಂಡಿಗೆ ಒಂದೊಂದು ಮದ್ದು. ಮೂಗು ಮಾತ್ರ ನಮ್ಮ ಅತ್ತೆಯದು. ಯಾವ ದಾರ ಯಾವುದಕ್ಕೆ ಅಂತ ಅವರಿಗೆ ಹೇಳಿರಲಿಲ್ಲ. ಇಲ್ಲೊಂದು ವಿಷಯ ಇದೆ. ಪೂರ್ತಿ ಒಣಗಿದ ಬಟ್ಟೆ ಮೂಸಿದರೆ ಏನೂ ಗೊತ್ತಾಗಲ್ಲ. ಸ್ವಲ್ಪ ನೀರು ಚಿಮುಕಿಸಿ, ಮುಷ್ಟಿಯಲ್ಲಿ ಹಿಡಿದು ಬೆಚ್ಚಗಾದ ಮೇಲೆ ಮೂಸಬೇಕು. ಸ್ನಾನ ಮಾಡಿ ಮುಖ ಒರೆಸಿಕೊಳ್ಳುವಾಗಲೇ ತಾನೆ ಟವೆಲ್ ನಾರುವುದು?

ಕಾರಣ ಏನಂದರೆ, ಈ ವಾಸನೆ ಬರೀ ತೇವದ್ದಲ್ಲ. ಮೈಯ ಜಿಡ್ಡು, ಬೆವರು ಪೂರ್ತಿ ಹೋಗದೆ ನೂಲಿನಲ್ಲಿ ಉಳಿದಿರುತ್ತದೆ. ಬಟ್ಟೆ ನಿಧಾನವಾಗಿ ಒಣಗುವಾಗ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಬೆಳೆಯುತ್ತವೆ. ಒಗೆದ ಬಟ್ಟೆಯ ಕಮಟಿಗೆ ಮೊರಾಕ್ಸೆಲ್ಲಾ ಓಸ್ಲೋಎನ್ಸಿಸ್ ಎಂಬ ಬ್ಯಾಕ್ಟೀರಿಯಾ ಮುಖ್ಯ ಕಾರಣ ಅಂತ ಜಪಾನಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ್ದರು. ಅದು ಬಟ್ಟೆ ಒಣಗಿದರೂ ಸಾಯುವುದಿಲ್ಲ. ನೀರು ತಾಗಿದರೆ ಮತ್ತೆ ಶುರು ಹಚ್ಚಿಕೊಳ್ಳುತ್ತದೆ.

ಮೊದಲು ಸೋತವನ್ನು ಹೇಳಿಬಿಡುತ್ತೇನೆ. ಫ್ಯಾಬ್ರಿಕ್ ಕಂಡೀಷನರ್ ಹಾಕಿದ ತುಂಡು ಒಣಗಿದಾಗ ಎಲ್ಲಕ್ಕಿಂತ ಚೆನ್ನಾಗಿತ್ತು. ನೀರು ಚಿಮುಕಿಸಿದ ಕೂಡಲೇ ಅತ್ತೆ ಮುಖ ಸಿಂಡರಿಸಿದರು. "ಹೂವಿನ ಬುಟ್ಟೀಲಿ ಒದ್ದೆ ಗೋಣಿಚೀಲ ಇಟ್ಟಂಗಿದೆ ಕಣಮ್ಮ" ಅಂದರು. ಅದು ನೂಲಿನ ಮೇಲೆ ತೆಳ್ಳಗೆ ಒಂದು ಪದರ ಕೂರಿಸುತ್ತದೆ. ಟವೆಲ್ ಮೆತ್ತಗಾಗುತ್ತದೆ ನಿಜ, ಆದರೆ ನೀರು ಹೀರುವುದು ಕಮ್ಮಿಯಾಗುತ್ತದೆ, ಒಳಗಿನ ಜಿಡ್ಡು ಅಲ್ಲೇ ಉಳಿಯುತ್ತದೆ. ಬೀರುವಿನಲ್ಲಿ ಮೈಸೂರ್ ಸ್ಯಾಂಡಲ್ ಸೋಪು ಇಡುವುದು ನಮ್ಮೂರಿನ ಹಳೇ ಪದ್ಧತಿ. ಸೀರೆಗಳ ನಡುವೆ ಅದು ಇರಲಿ, ನನಗೂ ಇಷ್ಟ. ಟವೆಲ್ಲಿನ ಕಮಟಿಗೆ ಅದು ಮದ್ದಲ್ಲ.

ಅಡುಗೆ ಸೋಡಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವಾಸನೆ ಸ್ವಲ್ಪ ಇಳಿಯಿತು, ಹೋಗಲಿಲ್ಲ. ಇದನ್ನು ವಿನೆಗರ್ ಜೊತೆ ಬೆರೆಸಿ ಹಾಕಿ ಅಂತ ತುಂಬ ಜನ ಹೇಳುತ್ತಾರೆ. ನೊರೆ ಬುಸ್ ಅಂತ ಏಳುತ್ತದೆ, ನೋಡೋಕೆ ಚೆಂದ. ಒಂದು ಹುಳಿ, ಇನ್ನೊಂದು ಕ್ಷಾರ. ಎರಡೂ ಸೇರಿದರೆ ಒಂದರ ಶಕ್ತಿಯನ್ನು ಇನ್ನೊಂದು ತಿಂದುಹಾಕುತ್ತದೆ.

ವಿನೆಗರ್ ಒಂದನ್ನೇ ಹಾಕಿದರೆ ಪರವಾಗಿಲ್ಲ. ಕೊನೆಯ ಸಲ ಜಾಲಿಸುವ ನೀರಿಗೆ ಅರ್ಧ ಲೋಟ ಬಿಳಿ ವಿನೆಗರ್ ಹಾಕಿದೆ. ಸೋಪಿನ ಅಂಟು ಬಿಟ್ಟು ಬಟ್ಟೆ ಹಗುರಾಯಿತು. ವಿನೆಗರ್ ವಾಸನೆ ಒಣಗುವಷ್ಟರಲ್ಲಿ ಹೋಗಿರುತ್ತದೆ, ಹೆದರಬೇಡಿ. ಕಮಟು ಈಗಷ್ಟೇ ಶುರುವಾಗಿರುವ ಹತ್ತಿ ಬಟ್ಟೆಗೆ ಇದು ಸಾಕು. ಆದರೆ ನನ್ನ ತುಂಡು ಹಳೇ ಪಾಪಿ. ಒದ್ದೆ ಮಾಡಿದಾಗ ವಾಸನೆ ಮೆಲ್ಲಗೆ ವಾಪಸ್ ಬಂತು. ಮಗನ ಪಾಲಿಯೆಸ್ಟರ್ ಜೆರ್ಸಿಯ ಕಂಕುಳಿನ ಹತ್ತಿರವಂತೂ ಏನೂ ನಡೆಯಲಿಲ್ಲ. ಪಾಲಿಯೆಸ್ಟರ್ ಜಿಡ್ಡನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಇನ್ನೊಂದು ಮಾತು: ವಿನೆಗರನ್ನು ಕ್ಲೋರಿನ್ ಬ್ಲೀಚ್ ಜೊತೆ, ಬ್ಲೀಚಿಂಗ್ ಪೌಡರ್ ಜೊತೆ ಯಾವ ಕಾರಣಕ್ಕೂ ಸೇರಿಸಬೇಡಿ. ವಿಷದ ಕ್ಲೋರಿನ್ ಅನಿಲ ಬರುತ್ತದೆ.

ಈಗ ನಿಜವಾದ ಪೈಪೋಟಿ. ಒಂದು ಕಡೆ ವಾಷಿಂಗ್ ಸೋಡಾ, ಇನ್ನೊಂದು ಕಡೆ ಆಕ್ಸಿಜನ್ ಬ್ಲೀಚ್.

ವಾಷಿಂಗ್ ಸೋಡಾ ಅಂದರೆ ಸೋಡಿಯಂ ಕಾರ್ಬೊನೇಟ್. ಅಡುಗೆ ಸೋಡಾಕ್ಕಿಂತ ಖಾರವಾದದ್ದು. ಅತ್ತೆಯ ಕಾಲದಲ್ಲಿ ಬಚ್ಚಲೊಲೆಯ ಹಂಡೆಯಿಂದ ಕುದಿನೀರು ತೋಡಿ, ಸೋಡಾ ಹಾಕಿ, ಪಂಚೆ, ಬೆಡ್‌ಶೀಟು ನೆನೆಸಿಡುತ್ತಿದ್ದರಂತೆ. ಅದನ್ನೇ ಮಾಡಿದೆ. ಒಂದು ಬಕೆಟ್ ಬಿಸಿನೀರಿಗೆ ಎರಡು ದೊಡ್ಡ ಚಮಚ, ಕೈಗೆ ರಬ್ಬರ್ ಗ್ಲೌಸ್. ಒಂದು ಗಂಟೆ ಕಳೆದು ನೋಡಿದರೆ ನೀರು ಡಿಕಾಕ್ಷನ್ನಿಗೆ ಹಾಲು ಬಿದ್ದ ಬಣ್ಣಕ್ಕೆ ತಿರುಗಿತ್ತು, ಮೇಲೆ ಜಿಡ್ಡಿನ ಕೆನೆ. ಮಷೀನಿನಲ್ಲಿ ಒಗೆದು ಎತ್ತಿಟ್ಟಿದ್ದ ಟವೆಲ್ಲಿನ ತುಂಡು ಇದು! ಬೋಗಾದಿಯಲ್ಲಿರುವ ನನ್ನ ತಂಗಿಯ ಮನೆಗೆ ಬೋರ್‌ವೆಲ್ ನೀರು. ಅಂಥ ಗಡಸು ನೀರಿಗೆ ಸೋಡಾ ಇನ್ನೂ ಒಳ್ಳೆಯದು. ನೀರಿನ ಕ್ಯಾಲ್ಸಿಯಂ ಅನ್ನು ಅದು ಹಿಡಿದುಕೊಳ್ಳುವುದರಿಂದ ಸೋಪಿನ ಪುಡಿ ಪೂರ್ತಿ ಕೆಲಸ ಮಾಡುತ್ತದೆ. ನಮ್ಮ ಕಾವೇರಿ ನೀರಿಗೆ ಇದರ ಅಗತ್ಯ ಅಷ್ಟಿಲ್ಲ.

ಆಕ್ಸಿಜನ್ ಬ್ಲೀಚ್ ಆ ಹೆಸರಿನಲ್ಲೇ ಸಿಗಬೇಕೆಂದಿಲ್ಲ. ಕಲೆ ತೆಗೆಯುವ ಪುಡಿ ಅಂತ ಅಂಗಡಿಯಲ್ಲಿ ಸಿಗುವ ಪೊಟ್ಟಣದ ಹಿಂದೆ ಸೋಡಿಯಂ ಪರ್‌ಕಾರ್ಬೊನೇಟ್ ಅಂತ ಇದೆಯಾ ನೋಡಿ. ನೀರಿಗೆ ಬಿದ್ದರೆ ಇದು ಒಡೆದು ಎರಡಾಗುತ್ತದೆ: ಒಂದು ಅದೇ ವಾಷಿಂಗ್ ಸೋಡಾ, ಇನ್ನೊಂದು ಹೈಡ್ರೋಜನ್ ಪೆರಾಕ್ಸೈಡ್. ಹಾಗಾಗಿ ಜಿಡ್ಡೂ ಹೋಗುತ್ತದೆ, ಬ್ಯಾಕ್ಟೀರಿಯಾಕ್ಕೂ ಏಟು ಬೀಳುತ್ತದೆ. ತಣ್ಣೀರಿನಲ್ಲಿ ಮಂದ. ಬಿಸಿನೀರಿನಲ್ಲಿ, ಅದರಲ್ಲೂ 60 ಡಿಗ್ರಿ ಹತ್ತಿರ, ಬಟ್ಟೆಯ ಸುತ್ತ ಸಣ್ಣ ಸಣ್ಣ ಗುಳ್ಳೆ ಏಳುವುದು ಕಣ್ಣಿಗೇ ಕಾಣುತ್ತದೆ. ಮಳೆಗಾಲದಲ್ಲಿ ಸೋಲಾರ್ ನೀರು ಉಗುರು ಬೆಚ್ಚಗೆ ಬಂದರೆ ಹೆಚ್ಚು, ಗೀಸರ್ ಹಾಕಲೇಬೇಕು.

ನೀಲಿ ದಾರದ ತುಂಡನ್ನು ಅತ್ತೆ ಮೂರು ಸಲ ಮೂಸಿದರು. "ಇದು ಹೊಸಾದು, ಮಧ್ಯೆ ಸೇರಿಸಿದ್ದೀಯ" ಅಂದರು. ಅದೇ ಆಕ್ಸಿಜನ್ ಬ್ಲೀಚಿನದು. ವಾಷಿಂಗ್ ಸೋಡಾದ ತುಂಡಿಗೆ ಎರಡನೇ ಸ್ಥಾನ. ತುಂಬ ಹತ್ತಿರದ ಎರಡನೇ ಸ್ಥಾನ, ಅದೂ ಎಷ್ಟೋ ಕಮ್ಮಿ ಖರ್ಚಿನಲ್ಲಿ. ಜೆರ್ಸಿಯ ವಿಷಯದಲ್ಲಿ ಮಾತ್ರ ಆಕ್ಸಿಜನ್ ಬ್ಲೀಚ್ ಸ್ಪಷ್ಟವಾಗಿ ಗೆದ್ದಿತು. ಜೆರ್ಸಿಗೆ ಕುದಿಯುವ ನೀರು ಬೇಡ, ಬೆಚ್ಚಗಿನ ನೀರಲ್ಲಿ ಜಾಸ್ತಿ ಹೊತ್ತು ನೆನೆಸಿದರಾಯಿತು. ರೇಷ್ಮೆ, ಉಣ್ಣೆಗೆ ಇವೆರಡನ್ನೂ ಹತ್ತಿರ ತರಬೇಡಿ. ಕ್ಷಾರಕ್ಕೆ ಅವು ಹಾಳಾಗುತ್ತವೆ.

ನಮ್ಮನೆಯ ಲೆಕ್ಕ ಈಗ ಹೀಗಿದೆ. ಟವೆಲ್ಲು, ಬನಿಯನ್ನಿಗೆ ಆಗಾಗ ಬಿಸಿನೀರು, ವಾಷಿಂಗ್ ಸೋಡಾ. ಕಮಟು ಹಳೆಯದಾಗಿದ್ದರೆ, ಇಲ್ಲ ಪಾಲಿಯೆಸ್ಟರ್ ಆಗಿದ್ದರೆ ಆಕ್ಸಿಜನ್ ಬ್ಲೀಚ್. ವಿನೆಗರ್ ಅಡುಗೆಮನೆಗೆ ವಾಪಸ್ ಹೋಗಿದೆ.

ಆದರೆ ಯಾವುದನ್ನು ಹಾಕಿದರೂ ಬೇಗ ಒಣಗದಿದ್ದರೆ ವಾಸನೆ ಮತ್ತೆ ಹುಟ್ಟುತ್ತದೆ. ಬಿಸಿಲಿಗೆ ಸಾಟಿ ಇಲ್ಲ, ಸರಿ. ಇಲ್ಲದ ಬಿಸಿಲಿಗೆ ಕಾಯುತ್ತ ಕೂರುವುದು ಬೇಡ. ನೀರು ಬಿಡದೆ ಸ್ಪಿನ್ ಮಾತ್ರ ಇನ್ನೊಮ್ಮೆ ಓಡಿಸಿ. ಬಟ್ಟೆಯ ನಡುವೆ ಒಂದು ಗೇಣು ಜಾಗ ಬಿಟ್ಟು ಫ್ಯಾನಿನ ಕೆಳಗೆ ಹರವಿ, ಒಂದು ಕಿಟಕಿ ತೆಗೆದಿಡಿ. ಹೊರಗೆ ಶೀಟಿನ ಕೆಳಗೆ ಒತ್ತೊತ್ತಾಗಿ ನೇತುಹಾಕಿದ್ದಕ್ಕಿಂತ ಇದು ಎಷ್ಟೋ ಬೇಗ ಒಣಗಿತು. ಫ್ರಂಟ್ ಲೋಡ್ ಮಷೀನ್ ಇದ್ದರೆ ಬಾಗಿಲಿನ ರಬ್ಬರಿನ ಮಡಿಕೆಯೊಳಗೆ ಒಮ್ಮೆ ಬೆರಳು ಹಾಕಿ ನೋಡಿ. ಕಪ್ಪಗೆ ಲೋಳೆ ಬಂದರೆ, ಟವೆಲ್ಲಿಗಿಂತ ಮೊದಲು ಮಷೀನನ್ನೇ ತೊಳೆಯಬೇಕು. ರಬ್ಬರ್ ಒರೆಸಿ, ಖಾಲಿ ಡ್ರಮ್ಮಿಗೆ ಅದೇ ಪರ್‌ಕಾರ್ಬೊನೇಟ್ ಪುಡಿ ಹಾಕಿ ಬಿಸಿನೀರಿನಲ್ಲಿ ಓಡಿಸಿ. ಆಮೇಲೆ ಬಾಗಿಲು ಮುಚ್ಚಬೇಡಿ.