ಫ್ಯುರಾ-2 ಎಎಮ್: ಮೂತ್ರಪಿಂಡ ಕೋಶದ ಕ್ಯಾಲ್ಸಿಯಂ ಅಳೆಯಲು ಇಂದಿಗೂ ನಂಬಬಹುದಾದ ವರ್ಣಕ

ರಸಾಯನಶಾಸ್ತ್ರಜ್ಞ ರೋಜರ್ ತ್ಸಿಯೆನ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ, ಕ್ಯಾಲ್ಸಿಯಂಗೆ ಅಂಟಿಕೊಂಡಾಗ ಹೊಳಪು ಬದಲಾಗುವ ಫ್ಯುರಾ-2 ವರ್ಣಕವನ್ನು (ಎಎಮ್ ಎಂಬುದು ಕೋಶದೊಳಗೆ ನುಸುಳಬಲ್ಲ ಅದರ ರೂಪ), ನಾಯಿಯ ಮೂತ್ರಪಿಂಡದಿಂದ ಬೆಳೆಸಿದ ಎಂಡಿಸಿಕೆ ಕೋಶಗಳಲ್ಲಿ ಬಳಸಿದ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ. ಕೋಶದ್ರವದಲ್ಲಿ ಮುಕ್ತ ಕ್ಯಾಲ್ಸಿಯಂ ಸುಮಾರು 100 ನ್ಯಾನೋಮೋಲಾರ್‌ನಷ್ಟಿದ್ದರೆ ಹೊರಗೆ ಅದರ ಹತ್ತು ಸಾವಿರ ಪಟ್ಟಿಗೂ ಹೆಚ್ಚಿರುವುದರಿಂದ, ಪ್ರೋಟೀನುಗಳು ಈ ಅಂತರವನ್ನು ಕಾಯ್ದುಕೊಳ್ಳುವ ಬಗೆಯನ್ನು ಅರಿಯಲು ಸೂಕ್ಷ್ಮವಾದ ಅಳತೆ ಬೇಕೇ ಬೇಕು.

340 ಮತ್ತು 380 ನ್ಯಾನೋಮೀಟರ್ ಬೆಳಕುಗಳಲ್ಲಿ ದೊರೆಯುವ ಹೊಳಪಿನ ಅನುಪಾತವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ, ಒಂದು ಕೋಶ ದಪ್ಪಗಿದ್ದು ಪಕ್ಕದ್ದು ತೆಳ್ಳಗಿದ್ದರೂ ಫಲಿತಾಂಶ ಹೆಚ್ಚು ಕೆಡುವುದಿಲ್ಲ. ಇದೇ ಇದರ ದೊಡ್ಡ ಗುಣ. ಪರದೆಯ ಮೇಲೆ ಕಡಿಮೆ ಅನುಪಾತವನ್ನು ನೀಲಿಯಾಗಿ, ಹೆಚ್ಚಿನದನ್ನು ಕೆಂಪಾಗಿ ತೋರಿಸಲಾಗುತ್ತದೆ; ಕೋಶಗಳನ್ನು ಪ್ರಚೋದಿಸುವ ಎಟಿಪಿ ಹನಿಸಿದ ಕೆಲವೇ ಸೆಕೆಂಡುಗಳಲ್ಲಿ ನೀಲಿ ಕೋಶಗಳು ಒಂದೊಂದಾಗಿ ಕೆಂಪಾಗುತ್ತವೆ, ಏಕೆಂದರೆ ಕೋಶದೊಳಗಿನ ಸಂಗ್ರಹಕ್ಕೆ ಬಾಗಿಲಿನಂತಿರುವ ಐಪಿ3 ಗ್ರಾಹಕಗಳೆಂಬ ಪ್ರೋಟೀನುಗಳು ಅಲ್ಲಿನ ಕ್ಯಾಲ್ಸಿಯಂ ಅನ್ನು ಬಿಟ್ಟುಕೊಟ್ಟಿರುತ್ತವೆ. ಬಳಿಕ ಸರ್ಕಾ ಪಂಪುಗಳೆಂಬ ಪ್ರೋಟೀನುಗಳು ಕ್ಯಾಲ್ಸಿಯಂ ಅನ್ನು ಸಂಗ್ರಹಕ್ಕೆ ಮರಳಿ ತುಂಬುತ್ತಿದ್ದಂತೆ ಬಣ್ಣ ಇಳಿಯುತ್ತದೆ. ಎಷ್ಟು ಬಾರಿ ನೋಡಿದರೂ ನನಗೆ ಈ ದೃಶ್ಯ ಸಾಕೆನಿಸಿಲ್ಲ.

ಕೊರತೆಯೂ ಇದೆ. ಮೂತ್ರಪಿಂಡದ ಕೋಶಗಳು ಸಾವಯವ ಋಣ ಅಯಾನುಗಳನ್ನು ಹೊರಹಾಕುವುದರಲ್ಲಿ ಪಳಗಿದವುಗಳಾದ್ದರಿಂದ ವರ್ಣಕವನ್ನೂ ಹೊರದಬ್ಬುತ್ತವೆ. ಈ ಹೊರದಬ್ಬುವಿಕೆಯನ್ನು ತಡೆಯುವ ಪ್ರೊಬೆನೆಸಿಡ್ ಔಷಧಿಯನ್ನು ಸೇರಿಸದೆ ನಡೆಸಿದ ನನ್ನ ಮೊದಲ ಪ್ರಯೋಗದಲ್ಲಿ ಹೊಳಪು ಸೋರಿಹೋಗಿ ಇಡೀ ಮಧ್ಯಾಹ್ನದ ಕೆಲಸ ವ್ಯರ್ಥವಾಯಿತು. ಅದನ್ನು ಸೇರಿಸುವುದಾದರೆ ಹೋಲಿಕೆಯ ತಟ್ಟೆಗೂ ಅಷ್ಟೇ ಪ್ರಮಾಣದಲ್ಲಿ ಸೇರಿಸಬೇಕು. ನೇರಳಾತೀತ ಬೆಳಕನ್ನು ಹಾಯಿಸುವ ಮಸೂರವಿಲ್ಲದ ಪ್ರಯೋಗಾಲಯಕ್ಕೆ ಗೋಚರ ಬೆಳಕಿನಲ್ಲೇ ಕೆಲಸ ಮಾಡುವ, ಆದರೆ ಅನುಪಾತ ನೀಡದ ಫ್ಲುವೋ-4 ವರ್ಣಕ ಅನುಕೂಲಕರವಾದರೂ, ಕ್ಯಾಲ್ಸಿಯಂ ಹಾಯಿಸುವ ಪಾಲಿಸಿಸ್ಟಿನ್-2ರಂತಹ ಪ್ರೋಟೀನು ಇರುವ ಮತ್ತು ಇಲ್ಲದ ಕೋಶಗಳ ವಿಶ್ರಾಂತ (ಪ್ರಚೋದನೆಯಿಲ್ಲದ) ಕ್ಯಾಲ್ಸಿಯಂ ಮಟ್ಟವನ್ನು ಹೋಲಿಸುವವರು ಫ್ಯುರಾ-2 ಅನ್ನೇ ಕೊಳ್ಳಲಿ ಎಂಬುದು ನನ್ನ ಸಲಹೆ.