ಟೋಟಲ್ ಲಾಸ್ ಆಗಿ ರಿಪೇರಿಯಾದ ಸ್ಪೋರ್ಟ್ಸ್ ಕಾರು: ಕಾರವಾರದ ಉಪ್ಪುಗಾಳಿಯಲ್ಲಿ ಎರಡು ಮಳೆಗಾಲ

ಕಾರವಾರದಲ್ಲಿ ಮನೆ ಮಾಡಿಕೊಂಡು ಕೆಲಸದ ನಿಮಿತ್ತ ವಾರಕ್ಕೊಮ್ಮೆಯಾದರೂ ಶಿರಸಿಗೆ ಹೋಗಿಬರುವ ನಾನು, ಎರಡು ವರ್ಷಗಳ ಹಿಂದೆ ಜರ್ಮನ್ ಕಂಪನಿಯೊಂದರ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆ. ಅದೇ ಮಾದರಿಯ, ಅದೇ ವರ್ಷದ, ಹೆಚ್ಚುಕಡಿಮೆ ಅಷ್ಟೇ ಓಡಿದ ಗಾಡಿಗೆ ಆಗ ಬೇರೆಡೆ 28 ಲಕ್ಷ ಹೇಳುತ್ತಿದ್ದರು. ನನಗೆ 17 ಲಕ್ಷಕ್ಕೆ ಸಿಕ್ಕಿತು. ‘ಮುಂದೆ ಸಣ್ಣ ಟಚ್ ಆಗಿತ್ತು ಸರ್, ಬಂಪರ್ ಬದಲಾಯಿಸಿದ್ದೇವೆ, ಅಷ್ಟೇ’ ಎಂದು ಮಾರಿದ ವ್ಯಾಪಾರಿ ಹೇಳಿದ್ದರು. ಆ ಮಾತನ್ನು ನಂಬಿ ಹಣ ಕೊಟ್ಟವನು ನಾನೇ ಆದ್ದರಿಂದ ಇಲ್ಲಿ ಅವರ ಹೆಸರನ್ನಾಗಲಿ ಊರನ್ನಾಗಲಿ ಬರೆಯುವುದಿಲ್ಲ. ಇಂಥದೇ ಕಡಿಮೆ ಬೆಲೆ ಕಂಡು ಮನಸ್ಸು ಮಾಡುತ್ತಿರುವವರಿಗೆ, ಅದರಲ್ಲೂ ಭಟ್ಕಳದಿಂದ ಮಾಜಾಳಿಯವರೆಗಿನ ಸಮುದ್ರದಂಡೆಯ ಊರಿನವರಿಗೆ, ಈ ಗಾಡಿ ನನಗೆ ತೋರಿಸಿಕೊಟ್ಟದ್ದನ್ನು ತಿಳಿಸುವುದು ಅಗತ್ಯವೆನಿಸಿತು.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಎಂಜಿನ್ ಮತ್ತು ಗೇರ್‌ಬಾಕ್ಸಿನ ಬಗ್ಗೆ ಇವತ್ತಿಗೂ ನನಗೆ ದೂರಿಲ್ಲ. ಬಿಣಗಾ ದಾಟಿ ಅಂಕೋಲೆಯ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬೆಳಗಿನ ಜಾವ ಹೊರಟರೆ ಅದರ ಓಟ ಮನಸ್ಸಿಗೆ ಹಿತ ಕೊಡುತ್ತದೆ. ನೆಲಕ್ಕೆ ತಗ್ಗಾಗಿರುವ ಗಾಡಿಯಾದ್ದರಿಂದ ಒಳದಾರಿಯ ಉಬ್ಬುಗಳಲ್ಲಿ ಓರೆಯಾಗಿ ಹತ್ತಿಸಿ ಇಳಿಸಬೇಕು, ಅದಕ್ಕೆ ಒಂದು ತಿಂಗಳಲ್ಲಿ ಕೈ ಹೊಂದಿಕೊಂಡಿತು.

ಮೊದಲ ಮಳೆಗಾಲದಲ್ಲಿ ದೇವಿಮನೆ ಘಟ್ಟ ಇಳಿಯುವಾಗ, ತಿರುವಿಗೆ ಮುನ್ನ ಬ್ರೇಕ್ ಒತ್ತಿದರೆ ಗಾಡಿಯ ಮೂತಿ ತುಸು ಎಡಕ್ಕೆ ಎಳೆಯುತ್ತಿರುವುದು ಗಮನಕ್ಕೆ ಬಂತು. ಒಣ ರಸ್ತೆಯಲ್ಲಿ ಗೊತ್ತೇ ಆಗದಷ್ಟು ಸಣ್ಣ ಎಳೆತ, ಒದ್ದೆ ರಸ್ತೆಯಲ್ಲಿ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿಯಬೇಕಾಗುವಷ್ಟು ಆಗುತ್ತಿತ್ತು. ಹುಬ್ಬಳ್ಳಿಯಲ್ಲಿ ಚಕ್ರಗಳ ಕಂಪ್ಯೂಟರ್ ಅಲೈನ್‌ಮೆಂಟ್ ಮಾಡಿಸಿದೆ. ಮೂರು ತಿಂಗಳಲ್ಲಿ ಎಡಗಡೆಯ ಮುಂದಿನ ಟೈರು ಒಳಮೈಯಲ್ಲಿ ಮಾತ್ರ ಸವೆದು ನುಣ್ಣಗಾಯಿತು. ಎರಡನೆಯ ಸಲ ಹೋದಾಗ ಅಲ್ಲಿನ ಹುಡುಗ, ‘ಸರ್, ಎಡಗಡೆ ಹೊಂದಿಸೋಕೆ ಇನ್ನು ಜಾಗವೇ ಉಳಿದಿಲ್ಲ, ಬೋಲ್ಟ್ ಕೊನೆಗೆ ಬಂದಿದೆ. ಚಾಸಿ ಒಮ್ಮೆ ನೋಡಿಸಿ’ ಎಂದ. ಆವರೆಗೆ ಯಾರೂ ಆಡದಿದ್ದ ಮಾತು ಅದು.

ಶಿರಸಿಯಲ್ಲಿ ನಾಲ್ಕು ದಶಕಗಳಿಂದ ಟಿಂಕರಿಂಗ್ ಕೆಲಸ ಮಾಡುತ್ತ ಬಂದಿರುವ ಹಿರಿಯರೊಬ್ಬರಿದ್ದಾರೆ. ಗಾಡಿಯನ್ನು ಅವರಲ್ಲಿಗೆ ಒಯ್ದೆ. ಅವರು ಯಾವ ಯಂತ್ರವನ್ನೂ ತರಲಿಲ್ಲ. ಬಾನೆಟ್ ಎತ್ತಿ, ಬ್ಯಾಟರಿ ಬೆಳಕು ಹಿಡಿದು, ಮೊದಲು ಬಲಗಡೆಯ ಏಪ್ರನ್ನಿನ, ಅಂದರೆ ಎಂಜಿನ್ನಿಗೂ ಚಕ್ರಕ್ಕೂ ನಡುವಿನ ತಗಡಿನ ಗೋಡೆಯ, ಅಂಚನ್ನು ಬೆರಳಿನಿಂದ ಸವರಿದರು. ಅಲ್ಲಿ ಬೆರಳ ತುದಿಯಷ್ಟಗಲದ ಗುಂಡನೆಯ ಗುಳಿಗಳು ಸಮ ಅಂತರದಲ್ಲಿ ಸಾಲಾಗಿದ್ದವು. ಕಾರ್ಖಾನೆಯ ಸ್ಪಾಟ್ ವೆಲ್ಡಿಂಗಿನ ಗುರುತು ಅದು. ಆಮೇಲೆ ನನ್ನ ಬೆರಳನ್ನು ಹಿಡಿದು ಎಡಗಡೆಯ ಅದೇ ಅಂಚಿನ ಮೇಲೆ ಇಟ್ಟರು. ಗುಳಿಗಳೇ ಇರಲಿಲ್ಲ, ಮೇಣ ಸುರಿದು ಒರೆಸಿದಂಥ ನುಣುಪು ಇತ್ತು. ‘ತಮಾ, ಈ ಬದಿ ಲೆಗ್ಗು ಕಂಪನಿಯದಲ್ಲ. ಬೇರೆ ಗಾಡಿಯದು ಕತ್ತರಿಸಿ ತಂದು ಕೂಡಿಸಿದ್ದು’ ಎಂದು ಹೇಳಿ, ಸ್ಕ್ರೂಡ್ರೈವರಿನ ಮೊನೆಯಿಂದ ಆ ನುಣುಪನ್ನು ಒಂದೆಡೆ ಮೀಟಿದರು. ಬಣ್ಣದ ಹಕ್ಕಳೆ ಎದ್ದುಬಂತು, ಅದರಡಿ ಹಳದಿ ಪುಟ್ಟಿ, ಪುಟ್ಟಿಯ ಅಡಿಯಿಂದ ಕಂದು ನೀರು ಒಸರಿ ಅವರ ಹೆಬ್ಬೆರಳಿನ ಮೇಲೆ ಇಳಿಯಿತು. ಗಾಡಿ ನನ್ನ ಕೈಗೆ ಬಂದು ಆಗ ಹದಿಮೂರು ತಿಂಗಳು ಮಾತ್ರ ಆಗಿತ್ತು.

ಲೆಗ್ ಎಂದು ಗ್ಯಾರೇಜಿನವರು ಕರೆಯುವುದು ಎಂಜಿನ್ನಿನ ಎರಡೂ ಪಕ್ಕದಲ್ಲಿ ಮುಂದಕ್ಕೆ ಚಾಚಿರುವ ಪೆಟ್ಟಿಗೆಯಾಕಾರದ ಉಕ್ಕಿನ ತೊಲೆಯನ್ನು. ಎದುರಿನಿಂದ ಪೆಟ್ಟು ಬಿದ್ದಾಗ ಲೆಕ್ಕ ಹಾಕಿದ ಜಾಗದಲ್ಲಿ ಮಡಿಚಿಕೊಂಡು, ಒಳಗೆ ಕುಳಿತವರಿಗೆ ತಗಲುವ ಆಘಾತವನ್ನು ತಾನು ನುಂಗಬೇಕಾದ ಭಾಗ ಅದು. ಅದನ್ನು ಮನಸ್ಸಿಗೆ ಬಂದಲ್ಲಿ ಕತ್ತರಿಸಿ ಬೆಸೆದರೆ ಎಲ್ಲಿ ಮಡಿಚುತ್ತದೆ, ಎಲ್ಲಿ ಸೆಟೆದು ನಿಲ್ಲುತ್ತದೆ ಎಂಬುದನ್ನು ಯಾರೂ ಹೇಳಲಾರರು. ಬಾಗಿಲ ಕಂಬಗಳಲ್ಲಿ ಬಳಸುವ ಅತಿಗಟ್ಟಿ ಉಕ್ಕಿನದಂತೂ ಇನ್ನೂ ಸೂಕ್ಷ್ಮ: ಕೆಂಪಗೆ ಕಾಯಿಸಿ ನೆಟ್ಟಗೆ ಮಾಡಿದರೆ ನೋಡಲು ಮೊದಲಿನಂತೆಯೇ ಕಾಣುತ್ತದೆ, ಶಕ್ತಿ ಮಾತ್ರ ಇಳಿದುಹೋಗಿರುತ್ತದೆ.

ಗಾಡಿಯ ಕಾಗದಪತ್ರಗಳ ನಡುವೆ ಮೊದಲ ಮಾಲೀಕರ ವಿಮಾ ಪಾಲಿಸಿಯ ಒಂದು ನಕಲು ಉಳಿದುಕೊಂಡಿತ್ತು. ಅದರಲ್ಲಿದ್ದ ಸಂಖ್ಯೆಗೆ ಫೋನ್ ಮಾಡಿ, ವಿಷಯ ಹೇಳಿ, ಬೇಸರ ಮಾಡಿಕೊಳ್ಳಬಾರದೆಂದು ಕೇಳಿಕೊಂಡೆ. ಅವರು ಏನನ್ನೂ ಮುಚ್ಚಿಡಲಿಲ್ಲ. ಗಾಡಿ ಡಿವೈಡರಿಗೆ ಹೊಡೆದಿತ್ತು, ಎರಡೂ ಏರ್‌ಬ್ಯಾಗ್ ಬಿಚ್ಚಿದ್ದವು, ವಿಮಾ ಕಂಪನಿ ಟೋಟಲ್ ಲಾಸ್ ಎಂದು ತೀರ್ಮಾನಿಸಿ ಹಣ ಕೊಟ್ಟು, ಜಖಂ ಗಾಡಿಯನ್ನು ಹೆಚ್ಚು ಬೆಲೆ ಕೂಗಿದವರಿಗೆ ಒಪ್ಪಿಸಿತ್ತು. ‘ಅದು ಮತ್ತೆ ರಸ್ತೆಗೆ ಬಂದಿದೆ ಅಂತ ನನಗೆ ಈಗಲೇ ಗೊತ್ತಾಗಿದ್ದು’ ಎಂದರು.

ಟೋಟಲ್ ಲಾಸ್ ಎಂದರೆ ಏನೆಂಬುದನ್ನು ಸರಿಯಾಗಿ ತಿಳಿಯಬೇಕು, ಏಕೆಂದರೆ ಮಾರುವವರು ಅದನ್ನು ತಮಗೆ ಬೇಕಾದಂತೆ ಹಿಗ್ಗಿಸಿ ಕುಗ್ಗಿಸಿ ಹೇಳುತ್ತಾರೆ. ನಮ್ಮಲ್ಲಿ ರಿಪೇರಿಯ ಖರ್ಚು ಗಾಡಿಯ ವಿಮಾ ಮೌಲ್ಯದ, ಅಂದರೆ ಐಡಿವಿಯ, ಶೇಕಡಾ 75ನ್ನು ಮೀರಿದರೆ ಅದನ್ನು ಟೋಟಲ್ ಲಾಸ್ ಎಂದು ಪರಿಗಣಿಸುತ್ತಾರೆ. ಐಡಿವಿಯಾದರೋ ಎರಡರಿಂದ ಮೂರು ವರ್ಷದ ಗಾಡಿಗೆ ಶೇಕಡಾ 30, ನಾಲ್ಕರಿಂದ ಐದು ವರ್ಷದ್ದಕ್ಕೆ ಶೇಕಡಾ 50 ಸವಕಳಿ ಕಳೆದು ಬರುವ ಮೊತ್ತ. ಹೀಗಾಗಿ ಐಡಿವಿ 30 ಲಕ್ಷವಿದ್ದರೆ 22.5 ಲಕ್ಷ ದಾಟಿದ ಅಂದಾಜು ಸಾಕು. ಆಮದು ಸ್ಪೋರ್ಟ್ಸ್ ಕಾರಿನಲ್ಲಿ ಎರಡು ಹೆಡ್‌ಲೈಟ್, ಏರ್‌ಬ್ಯಾಗುಗಳು, ಡ್ಯಾಶ್‌ಬೋರ್ಡ್, ರೇಡಿಯೇಟರ್‌ಗಳನ್ನು ಅಧಿಕೃತ ವರ್ಕ್‌ಶಾಪಿನ ದರದಲ್ಲಿ ಹಾಕಿದರೇ ಅಂದಾಜು ಆ ಗೆರೆಯ ಹತ್ತಿರ ಬಂದುಬಿಡುತ್ತದೆ. ಆದ್ದರಿಂದ ಟೋಟಲ್ ಲಾಸ್ ಆದ ಪ್ರತಿ ಗಾಡಿಯ ಚಾಸಿಯೂ ಮುರಿದಿರುತ್ತದೆ ಎನ್ನುವುದು ನ್ಯಾಯವಲ್ಲ. ಆದರೆ ಅಷ್ಟು ಖರ್ಚಿನ ಗಾಡಿಯನ್ನು ಕೊಂಡು, ರಿಪೇರಿ ಮಾಡಿ, ಲಾಭಕ್ಕೆ ಮಾರಬೇಕಾದರೆ ಎಲ್ಲೋ ಒಂದು ಕಡೆ ಹೊಸ ಬಿಡಿಭಾಗದ ಬದಲು ಹಳೆಯದನ್ನೋ ಬರಿಯ ಪುಟ್ಟಿಯನ್ನೋ ಬಳಸಲೇಬೇಕಾಗುತ್ತದೆ. ಲೆಕ್ಕ ಬೇರೆ ರೀತಿಯಲ್ಲಿ ಕೂಡುವುದಿಲ್ಲ.

ಅಮೆರಿಕದಲ್ಲಿ ಹೀಗೆ ಕೈಬಿಟ್ಟ ಗಾಡಿಯ ಮಾಲೀಕತ್ವದ ಪತ್ರದ ಮೇಲೆಯೇ ‘ಸಾಲ್ವೇಜ್’ ಎಂಬ ಗುರುತು ಬೀಳುತ್ತದೆ, ರಿಪೇರಿಯಾಗಿ ತಪಾಸಣೆ ಮುಗಿದ ಮೇಲೆ ಅದು ‘ರೀಬಿಲ್ಟ್’ ಆಗುತ್ತದೆ. ಕೊಳ್ಳುವವನಿಗೆ ಮೊದಲೇ ಗೊತ್ತಿರುತ್ತದೆ. ನಮ್ಮ ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ಅಂಥ ಗುರುತಿಲ್ಲ. ಗಾಡಿ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ ಮಾಲೀಕ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 55ನೇ ಕಲಂ ಹೇಳುತ್ತದಾದರೂ, ರಿಪೇರಿಗೆ ಒದಗುವ ಗಾಡಿ ಜೀವಂತ ಆರ್‌ಸಿಯೊಂದಿಗೇ ಕೈ ಬದಲಾಯಿಸುತ್ತದೆ. ನಾನು ಕೊಳ್ಳುವ ಮುನ್ನ ಮೊಬೈಲಿನಲ್ಲಿ ಸರ್ಕಾರದ ಎಂಪರಿವಾಹನ್ ಆ್ಯಪ್ ನೋಡಿ ಎಲ್ಲ ಸರಿಯಿದೆ ಎಂದುಕೊಂಡಿದ್ದೆ. ಅದರಲ್ಲಿ ಮಾಲೀಕರು ಎಷ್ಟನೆಯವರು, ಸಾಲ ಬಾಕಿ ಇದೆಯೇ, ವಿಮೆ ಎಂದಿನವರೆಗೆ ಎಂಬುದು ತಿಳಿಯಿತೇ ಹೊರತು ಕ್ಲೇಮಿನ ಕಥೆ ತಿಳಿಯಲಿಲ್ಲ.

ಆ ಕಥೆಯ ಸುಳಿವು ಸಿಗುವುದು ಹಳೆಯ ಪಾಲಿಸಿಗಳಲ್ಲಿ. ಕ್ಲೇಮ್ ಇಲ್ಲದ ಒಂದು ವರ್ಷಕ್ಕೆ ಶೇಕಡಾ 20, ಮುಂದೆ 25, 35, 45, ಐದು ವರ್ಷಕ್ಕೆ 50 ಎಂದು ನೋ ಕ್ಲೇಮ್ ಬೋನಸ್ ಎಂಬ ಪ್ರೀಮಿಯಮ್ಮಿನ ರಿಯಾಯಿತಿ ಏರುತ್ತ ಹೋಗುತ್ತದೆ, ಕ್ಲೇಮ್ ಆದರೆ ಮುಂದಿನ ನವೀಕರಣದಲ್ಲಿ ಸೊನ್ನೆಗೆ ಇಳಿಯುತ್ತದೆ. ಈ ಬೋನಸ್ ಮಾಲೀಕನದೇ ಹೊರತು ಗಾಡಿಯದಲ್ಲವಾದ್ದರಿಂದ ಮಾಲೀಕರು ಬದಲಾದ ವರ್ಷ ಸೊನ್ನೆ ಕಾಣುವುದು ಸಹಜ. ಅದೇ ಮಾಲೀಕರ ಕೈಯಲ್ಲಿ ಮೂರನೆಯ ವರ್ಷ ಸೊನ್ನೆಯಾಗಿದ್ದರೆ ಕಾರಣ ಕೇಳಲೇಬೇಕು. ಗಾಡಿ ಮೊದಲ ದಿನದಿಂದ ಇವತ್ತಿನವರೆಗಿನ ಎಲ್ಲ ಪಾಲಿಸಿಗಳ ನಕಲನ್ನು ಕೊಡಲು ಹಿಂಜರಿಯುವವರಿಂದ ಕೊಳ್ಳಬೇಡಿ.

ಏರ್‌ಬ್ಯಾಗಿನ ವಿಷಯಕ್ಕೆ ಬರುತ್ತೇನೆ, ನನಗೆ ಇಂದಿಗೂ ಎದೆ ನಡುಗಿಸುವುದು ಅದೇ. ಮೊದಲ ಮಾಲೀಕರ ಮಾತು ಕೇಳಿದ ವಾರದಲ್ಲೇ ಗಾಡಿಯನ್ನು ಅಧಿಕೃತ ವರ್ಕ್‌ಶಾಪಿಗೆ ಒಯ್ದೆ. ಸ್ಕ್ಯಾನರಿನಲ್ಲಿ ದೋಷವೇನೂ ಕಾಣಲಿಲ್ಲ, ಇಗ್ನಿಷನ್ ಹಾಕಿದಾಗ ಏರ್‌ಬ್ಯಾಗಿನ ದೀಪ ಉರಿದು ನಾಲ್ಕಾರು ಸೆಕೆಂಡಿನಲ್ಲಿ ಆರುತ್ತಿತ್ತು, ಎಲ್ಲವೂ ಕ್ರಮಬದ್ಧ. ನಾನು ಒತ್ತಾಯಿಸಿದ್ದಕ್ಕೆ ಸ್ಟಿಯರಿಂಗಿನ ಮಧ್ಯದ ಪ್ಯಾಡ್ ಬಿಚ್ಚಿದರು. ಅದರ ಹಿಂದೆ ಏನೂ ಇರಲಿಲ್ಲ. ಖಾಲಿ ಜಾಗದಲ್ಲಿ ಎರಡು ವೈರುಗಳ ತುದಿಗೆ ಅಕ್ಕಿಕಾಳಿಗಿಂತ ತುಸು ದಪ್ಪನೆಯ ಒಂದು ರೆಸಿಸ್ಟರ್ ಬೆಸೆದು, ಕಪ್ಪು ಟೇಪು ಸುತ್ತಿ ಬಿಟ್ಟಿದ್ದರು. ಏರ್‌ಬ್ಯಾಗನ್ನು ಸಿಡಿಸುವ ಕಿಡಿಕಡ್ಡಿಗೆ ಇರುವಷ್ಟೇ, ಎರಡು ಮೂರು ಓಮ್‌ಗಳ, ತಡೆ ಅದಕ್ಕಿತ್ತು. ಕಂಟ್ರೋಲ್ ಯೂನಿಟ್ಟಿಗೆ ಅಷ್ಟು ಸಿಕ್ಕರೆ ಏರ್‌ಬ್ಯಾಗ್ ಇದೆಯೆಂದೇ ಭಾವಿಸುತ್ತದೆ. ಪಕ್ಕದ ಸೀಟಿನ ಕಡೆಯೂ ಹಾಗೆಯೇ. ಆ ಸೀಟಿನಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ನನ್ನ ಮಗಳು ಕುಳಿತು ಘಟ್ಟ ಹತ್ತಿ ಇಳಿದಿದ್ದಾಳೆ.

ಏರ್‌ಬ್ಯಾಗುಗಳು, ಸೀಟ್ ಬೆಲ್ಟುಗಳು, ಕಂಟ್ರೋಲ್ ಯೂನಿಟ್ ಸೇರಿ ನನಗೆ 4.8 ಲಕ್ಷ ತಗಲಿತು. ಎಡ ಲೆಗ್ ಮತ್ತು ಏಪ್ರನ್ನನ್ನು ಹೊಸದಾಗಿ ತರಿಸಿ, ಅಳತೆಯ ಬೆಂಚಿನ ಮೇಲೆ ಕೂರಿಸಿ ಕೂಡಿಸಲು ಇನ್ನೂ 3.6 ಲಕ್ಷ. ಟೈರು, ಸಸ್ಪೆನ್ಷನ್ ತೋಳುಗಳು, ಎಳೆದೊಯ್ದ ಖರ್ಚು ಬೇರೆ. ಉಳಿಸಿದೆನೆಂದುಕೊಂಡ 11 ಲಕ್ಷದಲ್ಲಿ ದೊಡ್ಡ ಪಾಲು ಹೀಗೆ ಹೋಯಿತು, ಮತ್ತೆ ಮಾರಲು ಹೊರಟರೆ ಅದು ಇಂದಿಗೂ ಎಕ್ಸಿಡೆಂಟ್ ಗಾಡಿಯೇ.

ನಮ್ಮ ಕರಾವಳಿಯವರಿಗೆ ಇನ್ನೊಂದು ಮಾತನ್ನು ಒತ್ತಿ ಹೇಳಬೇಕಿದೆ. ಕಾರ್ಖಾನೆಯಲ್ಲಿ ಬಾಡಿಯನ್ನು ಪೂರ್ತಿ ಬೆಸೆದಾದ ಮೇಲೆ ಇಡೀ ಚೌಕಟ್ಟನ್ನು ಪ್ರೈಮರಿನ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ, ಪೊಳ್ಳು ತೊಲೆಗಳ ಒಳಮೈಗೂ ಲೇಪ ಹಿಡಿಯುವಂತೆ ಮಾಡುತ್ತಾರೆ. ಆಮೇಲೆ ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡಿದಾಗ ಆ ಲೇಪವೂ ಅದರಡಿಯ ಸತುವೂ ಸುಟ್ಟುಹೋಗುತ್ತವೆ. ಹೊರಗಡೆ ಬಣ್ಣ ಹೊಡೆಯಬಹುದು, ತೊಲೆಯ ಒಳಗೆ ಬ್ರಷ್ಷು ಹೋಗುವುದಿಲ್ಲ. ಸರಿಯಾಗಿ ಕೆಲಸ ಮಾಡುವವರು ಕೊನೆಯಲ್ಲಿ ಒಳಗೆ ಮೇಣ ಸಿಂಪಡಿಸುತ್ತಾರೆ, ಮಾರುವುದಕ್ಕಾಗಿ ಮಾಡುವವರು ಆ ಗೋಜಿಗೆ ಹೋಗುವುದಿಲ್ಲ. ಒಣ ಊರಿನಲ್ಲಿ ಅಂಥ ಬೆಸುಗೆ ಹಲವು ವರ್ಷ ಗುಟ್ಟು ಕಾಯ್ದುಕೊಂಡು ಇದ್ದೀತು. ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ, ಕಿಟಕಿಯ ಸರಳಿಗೆ ಕಾಲಕಾಲಕ್ಕೆ ಬಣ್ಣ ಬಳಿಯದಿದ್ದರೆ ಮುಟ್ಟಿದಲ್ಲಿ ಪುಡಿಯಾಗುವ ಕಾರವಾರದಲ್ಲಿ ಅದಕ್ಕೆ ಒಂದೂವರೆ ಮಳೆಗಾಲ ಸಾಕಾಯಿತು. ಮೈಸೂರಿನಲ್ಲೋ ಬೆಳಗಾವಿಯಲ್ಲೋ ಇರುವ ಗೆಳೆಯರ ರಿಪೇರಿ ಗಾಡಿ ಚೆನ್ನಾಗಿಯೇ ಇದೆ ಎಂಬ ಧೈರ್ಯದ ಮೇಲೆ ನಾವು ಕೊಳ್ಳುವಂತಿಲ್ಲ.

ನೋಡಲು ಹೋದಾಗ ಹಗಲಿನಲ್ಲಿ, ಒಣಗಿದ ಗಾಡಿಯನ್ನು ನೋಡಿ. ಬಣ್ಣದ ದಪ್ಪ ಅಳೆಯುವ ಸಣ್ಣ ಮೀಟರನ್ನು ಕೈಯಲ್ಲಿ ಹಿಡಿದು ಹೋಗಿ: ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತದೆ, ಪುಟ್ಟಿ ತುಂಬಿದ ಕಡೆ ಅದು 500ನ್ನು ದಾಟಿ ಎಷ್ಟಕ್ಕಾದರೂ ಹೋಗುತ್ತದೆ. ಹಳಬರ ಅಯಸ್ಕಾಂತದ ಪರೀಕ್ಷೆ ಇಲ್ಲಿ ಪೂರ್ತಿ ನಂಬಿಕೆಗೆ ಬಾರದು, ಎಷ್ಟೋ ಸ್ಪೋರ್ಟ್ಸ್ ಕಾರುಗಳ ಬಾನೆಟ್ಟೇ ಅಲ್ಯೂಮಿನಿಯಮ್ಮಿನದು. ಗಾಜುಗಳ ಮೂಲೆಯ ತಯಾರಿಕೆಯ ಗುರುತುಗಳನ್ನು ಒಂದಕ್ಕೊಂದು ಹೋಲಿಸಿ; ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು, ಬುಡದ ಚೀಟಿಯಲ್ಲಿರುವ ತಾರೀಕನ್ನು ಗಾಡಿಯ ವರ್ಷದೊಂದಿಗೆ ತಾಳೆ ನೋಡಿ. ಬೆಲ್ಟಿನ ಆ ಕೊನೆಯ ಗೇಣಿನಲ್ಲಿ ಮಣ್ಣಿನ ಕಲೆಯಿದ್ದರೆ ಅದು ನೆರೆಯಲ್ಲಿ ಮುಳುಗಿದ ಗಾಡಿ. 2015ರ ಡಿಸೆಂಬರಿನ ಚೆನ್ನೈ ನೆರೆಯಂಥ ಸಂದರ್ಭದಲ್ಲಿ ಮುಳುಗಿದ ಗಾಡಿಗಳು ಒರೆಸಿಕೊಂಡು ದೂರದೂರದ ಊರುಗಳಲ್ಲಿ ಮಾರಾಟಕ್ಕೆ ನಿಲ್ಲುತ್ತವೆ, ಅಂಥದರ ವೈರಿಂಗಿಗೆ ಯಾವ ಗ್ಯಾರೇಜಿನವರೂ ಭರವಸೆ ಕೊಡಲಾರರು. ಕೊನೆಗೆ, ದುಡ್ಡು ಕೊಡುವ ಮುನ್ನ ಗಾಡಿಯನ್ನು ಲಿಫ್ಟಿಗೆ ಏರಿಸಿ ನಿಮ್ಮ ಕಡೆಯ ಟಿಂಕರಿಂಗ್ ಮಾಡುವವರಿಗೆ ತೋರಿಸಿ. ಎಂಜಿನ್ ಮೆಕ್ಯಾನಿಕ್ ಒಬ್ಬರನ್ನೇ ಕರೆದೊಯ್ದದ್ದು ನನ್ನ ದೊಡ್ಡ ತಪ್ಪು. ಅವರು ಎಂಜಿನ್ನನ್ನು ಚೆನ್ನಾಗಿ ನೋಡಿದರು, ಎಂಜಿನ್ ಚೆನ್ನಾಗಿಯೇ ಇತ್ತು.

ಇವುಗಳೆಲ್ಲದರಲ್ಲೂ ಪಾಸಾಗಿ, ಹೆಡ್‌ಲೈಟು, ಏರ್‌ಬ್ಯಾಗುಗಳ ಬೆಲೆಯಿಂದಾಗಿಯೇ ಟೋಟಲ್ ಲಾಸ್ ಆದದ್ದೆಂದು ವಿಮಾ ಸರ್ವೇಯರರ ವರದಿ ಮತ್ತು ರಿಪೇರಿಗೆ ಮುನ್ನಿನ ಫೋಟೊಗಳೊಂದಿಗೆ ತೋರಿಸಿ, ಹೊಸ ಏರ್‌ಬ್ಯಾಗಿನ ಬಿಲ್ಲನ್ನೂ ಕೊಡುವ ಗಾಡಿಯಾದರೆ ನಾನು ಬೇಡ ಎನ್ನುವುದಿಲ್ಲ. ಆದರೂ ಮಾರುಕಟ್ಟೆಯ ಅರ್ಧ ಬೆಲೆಗಿಂತ ಹೆಚ್ಚು ಕೊಡಬೇಡಿ, ಪೂರ್ಣ ವಿಮೆ ಮಾಡಿಕೊಡಲು ಒಪ್ಪುವ ಕಂಪನಿಯಿಂದ ಮೊದಲೇ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ಇಷ್ಟೂ ಸಿಗದಿದ್ದರೆ, ಬೆಲೆ ಎಷ್ಟೇ ಇಳಿದರೂ ಬೇಡ ಎಂಬುದೇ ನನ್ನ ಅಭಿಪ್ರಾಯ.

ಶಿರಸಿಯಲ್ಲಿ ಕತ್ತರಿಸಿ ತೆಗೆದ ಹಳೆಯ ಲೆಗ್ಗಿನ ತುಂಡೊಂದನ್ನು ನಾನು ಎಸೆದಿಲ್ಲ, ಶೆಡ್ಡಿನಲ್ಲಿ ಗಾಡಿಯ ಪಕ್ಕದಲ್ಲೇ ಇಟ್ಟಿದ್ದೇನೆ. ವರ್ಕ್‌ಶಾಪಿನ ಬಿಲ್ಲುಗಳು, ಮೊದಲ ಮಾಲೀಕರ ಪಾಲಿಸಿಯ ನಕಲು, ಸ್ಟಿಯರಿಂಗ್ ಬಿಚ್ಚಿದಾಗ ತೆಗೆದ ಫೋಟೊಗಳು ಒಂದು ಫೈಲಿನಲ್ಲಿವೆ. ಗಾಡಿ ಮಾರುತ್ತೀರಾ ಎಂದು ಕೇಳಿ ಬಂದವರ ಕೈಗೆ ಬೆಲೆ ಹೇಳುವ ಮುನ್ನ ಆ ತುಂಡನ್ನೂ ಫೈಲನ್ನೂ ಕೊಡುತ್ತೇನೆ. ಕಳೆದ ತಿಂಗಳು ಕುಮಟೆಯಿಂದ ಬಂದಿದ್ದವರು ಒಂದು ಗಂಟೆ ಕುಳಿತು ಎಲ್ಲವನ್ನೂ ಓದಿದರು, ಹೊಸ ಬೆಸುಗೆಯನ್ನು ಕೆಳಗೆ ಮಲಗಿ ನೋಡಿದರು, ಈ ಮಳೆಗಾಲ ಕಳೆದ ಮೇಲೆ ಮತ್ತೊಮ್ಮೆ ಬಂದು ಅದೇ ಜಾಗವನ್ನು ನೋಡಿ ಹೇಳುತ್ತೇನೆಂದು ಹೋಗಿದ್ದಾರೆ.