ಹಿರಿಯರನ್ನು ಕರೆದುಕೊಂಡು ಬೀದರ್ ಕೋಟೆಗೆ: ಒಂದು ದಿನದ ಬಾಡಿಗೆ ಕಾರಿನ ಸೇವೆ ಹೇಗಿತ್ತು

ಕಲಬುರಗಿಯಿಂದ ಬೆಳಿಗ್ಗೆ ಹೊರಟು ಬೀದರ್ ನೋಡಿಕೊಂಡು ರಾತ್ರಿಯ ಊಟಕ್ಕೆ ಮನೆಗೆ ಮರಳಲು ಚಾಲಕರ ಸಮೇತ ಕಾರು ಬಾಡಿಗೆಗೆ ಕೊಡುವವರು ನಮ್ಮ ಊರಿನಲ್ಲಿ ಹಲವರಿದ್ದಾರೆ. ಡಿಸೆಂಬರ್ ಕೊನೆಯ ವಾರದಲ್ಲಿ ಅಂಥ ಒಂದು ಕಚೇರಿಯಿಂದ ಏಳು ಸೀಟಿನ ಕಾರು ಗೊತ್ತುಮಾಡಿಕೊಂಡು, ಶಿರಸಿಯಿಂದ ಬಂದಿದ್ದ ನನ್ನ ಮಾವನವರು ಮತ್ತು ಅತ್ತೆಯವರನ್ನು ಮಕ್ಕಳೊಂದಿಗೆ ಕರೆದೊಯ್ದೆವು. ಇಬ್ಬರೂ ಎಪ್ಪತ್ತು ದಾಟಿದವರು. ಮಾವನವರಿಗೆ ಮಂಡಿನೋವು, ಅತ್ತೆಯವರಿಗೆ ಸಕ್ಕರೆ ಕಾಯಿಲೆಯಿರುವುದರಿಂದ ಹೊತ್ತಿಗೆ ಸರಿಯಾಗಿ ಊಟವಾಗಬೇಕು. ಇಂಥ ಹಿರಿಯರೊಂದಿಗೆ ಹೊರಡುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಸೇವೆಯ ಬಗ್ಗೆ ನನ್ನ ಒಳ್ಳೆಯ ಮಾತುಗಳೆಲ್ಲ ಕಾರು ಓಡಿಸಿದವರಿಗೆ ಸಲ್ಲಬೇಕು. ಕಚೇರಿಯ ಬಗ್ಗೆ ಹೇಳಬೇಕಾದದ್ದು ಬೇರೆಯೇ ಇದೆ.

ಮೊದಲು ಕಚೇರಿಯ ವಿಷಯ. ದೂರವಾಣಿಯಲ್ಲಿ ಹೇಳಿದ ದರದಲ್ಲಿ ಚಾಲಕರ ಬಾಟಾ ಸೇರಿದೆಯೋ ಇಲ್ಲವೋ ಎಂಬುದನ್ನು ಅವರು ಸ್ಪಷ್ಟಪಡಿಸಲಿಲ್ಲ; ಕೊನೆಯಲ್ಲಿ ಅದನ್ನು ಪ್ರತ್ಯೇಕವಾಗಿ ಸೇರಿಸಿದರು. ಮುಂಗಡ ಪಡೆಯುವಾಗ ತೋರಿದ ಚುರುಕುತನ ರಸೀದಿ ಕೊಡುವಾಗ ಇರಲಿಲ್ಲ. ಹೊರ ಊರಿನ ಬಾಡಿಗೆಗೆ ದಿನಕ್ಕೆ ಇಂತಿಷ್ಟು ಕಿಲೋಮೀಟರ್ ಎಂಬ ಕನಿಷ್ಠ ಮಿತಿಯನ್ನು ಎಲ್ಲರೂ ಇಟ್ಟಿರುತ್ತಾರೆ, ಅದರಷ್ಟು ಓಡದಿದ್ದರೂ ಪೂರ್ತಿ ಹಣ ತೆರಬೇಕಾಗುತ್ತದೆ. ಕಲಬುರಗಿಯಿಂದ ಬೀದರ್‌ಗೆ ಕಮಲಾಪುರ, ಹುಮನಾಬಾದ್ ಮಾರ್ಗವಾಗಿ ಸುಮಾರು 115 ಕಿಲೋಮೀಟರ್ ಇರುವುದರಿಂದ, ಹೋಗಿಬರುವ ದಾರಿಯ ಜೊತೆಗೆ ಊರೊಳಗಿನ ಸುತ್ತಾಟವನ್ನು ಸೇರಿಸಿದರೆ 250ರ ಆಸುಪಾಸಿಗೆ ಬರುತ್ತದೆ. ಮಿತಿ 300 ಎಂದು ಹೇಳುವವರ ಬಳಿ ಚೌಕಾಸಿ ಮಾಡಲು ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಆರಂಭವಾದ ಮೇಲೆ ರೈಲಿನಲ್ಲಿಯೂ ಹೋಗಬಹುದಾಗಿದೆಯಾದರೂ, ಅಲ್ಲಿ ಇಳಿದ ಮೇಲೆ ಒಂದೊಂದು ಸ್ಮಾರಕಕ್ಕೂ ಆಟೊ ಹಿಡಿದು, ಪ್ರತಿಸಲ ಹತ್ತಿಸಿ ಇಳಿಸುವುದು ಮಂಡಿನೋವಿನವರಿಗೆ ಹಿಂಸೆಯೇ ಸರಿ.

ಕಾರು ಚೊಕ್ಕಟವಾಗಿತ್ತು, ಎ.ಸಿ. ಸರಿಯಾಗಿ ಕೆಲಸ ಮಾಡುತ್ತಿತ್ತು. ಆದರೆ ಏಳು ಸೀಟಿನ ಕಾರುಗಳಲ್ಲಿ ಮೆಟ್ಟಿಲು ಎತ್ತರವಾಗಿರುತ್ತದೆ ಎಂಬುದನ್ನು ಹಿರಿಯರಿರುವ ಮನೆಯವರು ಮರೆಯಬಾರದು. ಮಾವನವರಿಗಾಗಿ ಮುಂದಿನ ಸೀಟು ಬಿಟ್ಟುಕೊಟ್ಟಿದ್ದರೂ ಹತ್ತುವುದು ಕಷ್ಟವೇ ಆಗಿತ್ತು. ಇದನ್ನು ಗಮನಿಸಿದ ಚಾಲಕರು ಡಿಕ್ಕಿಯಲ್ಲಿದ್ದ ಚಿಕ್ಕ ಮರದ ಮಣೆಯೊಂದನ್ನು ತಾವಾಗಿಯೇ ತಂದಿಟ್ಟರು. ಅಂದು ಎಲ್ಲೆಲ್ಲಿ ನಿಲ್ಲಿಸಿದರೋ ಅಲ್ಲೆಲ್ಲ ಕೇಳುವ ಮೊದಲೇ ಆ ಮಣೆ ಬಾಗಿಲ ಬಳಿ ಇರುತ್ತಿತ್ತು. ದಾರಿಯಲ್ಲಿ ಕಮಲಾಪುರದ ಬಳಿ ಅಲ್ಲಿಯ ಹೆಸರುವಾಸಿ ಕೆಂಪು ಬಾಳೆಹಣ್ಣನ್ನು ಮಾರುವಲ್ಲಿ ಒಮ್ಮೆ ನಿಂತದ್ದನ್ನು ಬಿಟ್ಟರೆ ಹೇಳುವಂಥದ್ದೇನೂ ಇಲ್ಲ. ತೋಟದ ಊರಿನಿಂದ ಬಂದ ಅತ್ತೆಯವರು ಆ ಹಣ್ಣಿಗೆ ಪೂರ್ಣ ಅಂಕ ಕೊಟ್ಟರು ಎಂಬುದು ಸಣ್ಣ ವಿಷಯವಲ್ಲ.

ಬೀದರ್ ಕೋಟೆಯಲ್ಲಿ ಹಿರಿಯರಿಗೆ ಇರುವ ದೊಡ್ಡ ಅನುಕೂಲವೆಂದರೆ ಹೆಬ್ಬಾಗಿಲುಗಳನ್ನು ದಾಟಿ ವಾಹನ ಒಳಗಿನವರೆಗೂ ಹೋಗುತ್ತದೆ. ಶರ್ಜಾ ದರ್ವಾಜಾ, ಗುಂಬದ್ ದರ್ವಾಜಾಗಳನ್ನು ಕಾರಿನಲ್ಲಿಯೇ ಹಾದುಹೋದೆವು. ಅವಸರದ ಚಾಲಕರಾಗಿದ್ದರೆ ನಮ್ಮನ್ನು ನೇರವಾಗಿ ವಸ್ತುಸಂಗ್ರಹಾಲಯದ ಎದುರು ಇಳಿಸಿ ಕೈತೊಳೆದುಕೊಳ್ಳುತ್ತಿದ್ದರು. ಇವರು ಹೊರಗಡೆಯೇ ಕಂದಕದ ಪಕ್ಕ ಒಮ್ಮೆ ನಿಲ್ಲಿಸಿ, ಕಿಟಕಿಯಿಂದಲೇ ನೋಡಿ ಎಂದರು. ಬಂಡೆಯನ್ನೇ ಕೊರೆದು ಮಾಡಿದ ಮೂರು ಸಾಲಿನ ಕಂದಕ ಅದು. ಒಂದೊಂದು ಸಾಲಿನ ನಡುವೆಯೂ ಅದೇ ಬಂಡೆಯನ್ನು ಗೋಡೆಯಂತೆ ಉಳಿಸಿಕೊಂಡಿದ್ದಾರೆ. ಅಹ್ಮದ್ ಶಾ ವಲಿ ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ಸಾಗಿಸಿದ ಕಾಲದಲ್ಲಿ, ಅಂದರೆ ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ, ಈ ಕೋಟೆ ಈಗಿನ ರೂಪಕ್ಕೆ ಬಂತು.

ನಮ್ಮ ಮಾವನವರ ಗಮನ ಮಾತ್ರ ಸುಲ್ತಾನರಿಗಿಂತ ಕಲ್ಲಿನ ಮೇಲೆ ಹೆಚ್ಚಾಗಿತ್ತು. ಕೋಟೆಯ ಗೋಡೆಯನ್ನು ಮುಟ್ಟಿ ನೋಡಿ, "ಇದು ನಮ್ಮ ಚಿರೇಕಲ್ಲೇ ಅಲ್ಲವೇನೋ!" ಎಂದು ಮೊಮ್ಮಗನನ್ನು ಕರೆದು ತೋರಿಸಿದರು. ಅವರು ಹೇಳಿದ್ದು ಸರಿ. ಕರಾವಳಿ, ಮಲೆನಾಡುಗಳಲ್ಲಿ ಮನೆ, ಬಾವಿ, ಪಾಗಾರ ಕಟ್ಟುವ ಅದೇ ಕೆಂಪು ಜಂಬಿಟ್ಟಿಗೆಯ ಹಾಸಿನ ಮೇಲೆಯೇ ಬೀದರ್ ನಗರ ಕುಳಿತಿದೆ. ಸುತ್ತಲಿನ ಕಪ್ಪು ಮಣ್ಣಿನ ಬಯಲನ್ನು ದಾಟಿ ಬಂದವರಿಗೆ ಈ ಕೆಂಪು ತಟ್ಟನೆ ಎದುರಾಗುತ್ತದೆ. ರಂಧ್ರಗಳಿರುವ ಈ ಕಲ್ಲು ಮಳೆನೀರನ್ನು ಹೀರಿ ಕೆಳಕ್ಕೆ ಬಿಡುತ್ತದೆ. ಅಡಿಯಲ್ಲಿರುವ ಗಟ್ಟಿ ಕಪ್ಪು ಶಿಲೆ ಅದನ್ನು ತಡೆಯುವುದರಿಂದ ನೀರು ಪಕ್ಕಕ್ಕೆ ಹರಿದು ಝರಿಯಾಗಿ ಹೊರಬರುತ್ತದೆ. ಗುರುದ್ವಾರವಿರುವ ನಾನಕ್ ಝಿರಾದ ಬುಗ್ಗೆಗೂ, ನೌಬಾದಿನಲ್ಲಿ ನೆಲದಡಿ ಕೊರೆದ ಕರೇಜ್ ಎಂಬ ಸುರಂಗ ಕಾಲುವೆಗೂ ಹಿಂದಿರುವ ಗುಟ್ಟು ಇದೇ. ಕಂದಕವನ್ನು ಬಂಡೆಯಲ್ಲಿಯೇ ಕೊರೆಯಲು ಸಾಧ್ಯವಾದದ್ದೂ ಈ ಕಲ್ಲಿನ ಗುಣದಿಂದಲೇ ಎಂದು ಮಾವನವರು ಮಕ್ಕಳಿಗೆ ವಿವರಿಸಿದ ರೀತಿ, ನಾವು ಹಣ ಕೊಟ್ಟು ಗೊತ್ತುಮಾಡಿದ್ದ ಮಾರ್ಗದರ್ಶಿಯ ವಿವರಣೆಗಿಂತ ಎಷ್ಟೋ ಮೇಲಾಗಿತ್ತು.

ಆ ಮಾರ್ಗದರ್ಶಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಕೋಟೆಯೊಳಗೆ ತಾವಾಗಿಯೇ ಬಂದು ಒಪ್ಪಿಸಿದ ಅವರು ಗುಪ್ತ ಸುರಂಗ, ಹೂತಿಟ್ಟ ನಿಧಿ, ರಾಣಿಯರ ಅಸೂಯೆ ಎಂದು ಎಲ್ಲ ಕೋಟೆಗಳಿಗೂ ಒಗ್ಗುವ ಕತೆಗಳನ್ನು ಗಿಳಿಪಾಠದಂತೆ ಹೇಳುತ್ತ, ಹಿರಿಯರು ಹಿಂದೆ ಉಳಿದದ್ದನ್ನು ನೋಡದೆ ಮುಂದೆ ಮುಂದೆ ನಡೆದುಬಿಡುತ್ತಿದ್ದರು. ರಂಗೀನ್ ಮಹಲಿನಲ್ಲಿ ನಿಂತು ನೋಡಬೇಕಾದದ್ದು ಬೇಕಾದಷ್ಟಿತ್ತು. ಬಹಮನಿಗಳ ನಂತರ ಬೀದರನ್ನು ಆಳಿದ ಬರೀದ್ ಶಾಹಿಗಳ ಕಾಲದಲ್ಲಿ ಹೊಸ ರೂಪ ಪಡೆದ ಈ ಚಿಕ್ಕ ಅರಮನೆಯಲ್ಲಿ ಕೆತ್ತನೆಯ ಮರದ ಕಂಬಗಳಿವೆ, ಬಣ್ಣದ ಹೆಂಚುಗಳಿವೆ. ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿ ಬಿಡಿಸಿದ ಬಳ್ಳಿಗಳೂ ಪಾರಸಿ ಅಕ್ಷರಗಳೂ ಇವೆ. ಚಿಪ್ಪಿನ ಕೆಲಸ ಕಾಣಬೇಕಾದರೆ ಬೆಳಕು ಓರೆಯಾಗಿ ಬೀಳುವ ಕಡೆ ನಿಂತು ತಲೆಯನ್ನು ಸ್ವಲ್ಪ ವಾಲಿಸಬೇಕು. ಅದನ್ನು ನಮಗೆ ತೋರಿಸಿಕೊಟ್ಟವರು ಅಲ್ಲಿಯ ಕಾವಲುಗಾರರು. ಈ ಮಹಲಿಗೆ ಸಾಮಾನ್ಯವಾಗಿ ಬೀಗ ಹಾಕಿರುತ್ತಾರೆ, ಸಿಬ್ಬಂದಿಯನ್ನು ವಿನಯದಿಂದ ಕೇಳಿಕೊಂಡರೆ ತೆರೆದು ತೋರಿಸುತ್ತಾರೆ. ಮೆಟ್ಟಿಲುಗಳು ಎತ್ತರವಾಗಿವೆಯಾದರೂ ಹೆಚ್ಚಿಲ್ಲ. ಮಾವನವರು ಗೋಡೆ ಹಿಡಿದು ಹತ್ತಿದರು.

ಅಲ್ಲಿಂದ ಮುಂದೆ ಸೋಲಾ ಖಂಬಾ ಮಸೀದಿ, ಲಾಲ್ ಬಾಗ್, ತರ್ಕಶ್ ಮಹಲ್, ಗಗನ್ ಮಹಲ್ ಎಲ್ಲವೂ ಒತ್ತಟ್ಟಿಗಿವೆ. 1423–24ರಷ್ಟು ಹಳೆಯದಾದ ಆ ಮಸೀದಿಯ ದಪ್ಪನೆಯ ಕಂಬಗಳ ಸಾಲನ್ನು ಹೊರಗಿನಿಂದಲೇ ನೋಡಿ, ಹಿರಿಯರನ್ನು ಉದ್ಯಾನದ ನೆರಳಿನಲ್ಲಿ ಕುಳ್ಳಿರಿಸಿ, ಮಕ್ಕಳನ್ನು ಮಾತ್ರ ಗಗನ್ ಮಹಲಿನ ಕಡೆಗೆ ಕರೆದೊಯ್ದೆವು. ಹಳೆಯ ಶಾಹಿ ಹಮಾಮಿನಲ್ಲಿರುವ, ಅಂದರೆ ರಾಜರ ಸ್ನಾನಗೃಹದಲ್ಲಿರುವ, ವಸ್ತುಸಂಗ್ರಹಾಲಯ ಚಿಕ್ಕದು, ಬೇಗ ಮುಗಿಯುತ್ತದೆ. ತಖ್ತ್ ಮಹಲ್ ಸ್ವಲ್ಪ ದೂರದಲ್ಲಿದೆ. ಅಲ್ಲಿಗೆ ನಡೆದೇ ಹೋಗಬೇಕೇನೋ ಎಂದು ನಾವು ಕೈಬಿಡುವುದರಲ್ಲಿದ್ದಾಗ ಚಾಲಕರು ಕಾರನ್ನು ಹತ್ತಿರಕ್ಕೆ ತಂದು, "ಅಮ್ಮಾರ, ಇಲ್ಲಿ ಇಳೀಬ್ಯಾಡ್ರಿ, ಮುಂದ ನೆರಳ ಅದರಿ" ಎಂದು ಅತ್ತೆಯವರನ್ನು ತಡೆದು, ಮರದ ಕೆಳಗೆ ನಿಲ್ಲಿಸಿದರು. ಈ ಸೇವೆಯ ಬೆಲೆ ಇರುವುದು ಇಂಥ ಕಡೆಗಳಲ್ಲಿ. ಎಲ್ಲಿ ಕಾರು ನಿಲ್ಲುತ್ತದೆ, ಎಲ್ಲಿ ಕೂರಲು ಕಟ್ಟೆಯಿದೆ, ಎಲ್ಲಿ ಶೌಚಾಲಯವಿದೆ, ಯಾವ ಕಟ್ಟಡಕ್ಕೆ ಬಿಸಿಲೇರುವ ಮೊದಲು ಹೋಗಬೇಕು ಎಂಬ ತಿಳಿವಳಿಕೆಯನ್ನು ಯಾವ ನಕ್ಷೆಯೂ ಕೊಡುವುದಿಲ್ಲ.

ಮಧ್ಯಾಹ್ನದ ಊಟಕ್ಕೆ ಚಾಲಕರು ಹೇಳಿದ ಖಾನಾವಳಿಗೆ ಹೋದೆವು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು ಎಲ್ಲ ಚೆನ್ನಾಗಿದ್ದವು. ಖಾರ ತಡೆಯದ ಶಿರಸಿಯವರು ಮೊಸರಿನ ಮೊರೆಹೊಕ್ಕರು. ನಾನಕ್ ಝಿರಾ ಗುರುದ್ವಾರದ ಉಚಿತ ದಾಸೋಹವಾದ ಲಂಗರ್‌ನಲ್ಲಿ ಊಟ ಮಾಡಬೇಕೆಂಬ ಆಸೆ ಮಕ್ಕಳಿಗಿತ್ತು. ಅಲ್ಲಿ ಪಂಕ್ತಿಯಲ್ಲಿ ನೆಲದ ಮೇಲೆ ಕೂರಬೇಕಾದ್ದರಿಂದ ಮಂಡಿನೋವನ್ನು ನೆನೆದು ಅದನ್ನು ಬಿಟ್ಟೆವು; ಸಂಜೆ ಗುರುದ್ವಾರಕ್ಕೆ ಹೋಗಿ ತಲೆಗೆ ವಸ್ತ್ರ ಕಟ್ಟಿಕೊಂಡು ದರ್ಶನ ಮಾಡಿ, ಝರಿಯ ನೀರು ಕುಡಿದು ಬಂದೆವು.

ಮಹಮೂದ್ ಗಾವಾನನ ಮದರಸಾವನ್ನು ಹಿರಿಯರೊಂದಿಗೆ ಹೋಗುವವರು ಖಂಡಿತ ತಪ್ಪಿಸಬಾರದು. ಅಂಗಳ ಸಮತಟ್ಟಾಗಿದೆ, ನಡೆಯುವ ದೂರ ಕಡಿಮೆ, ನೋಡಬೇಕಾದದ್ದು ಕಣ್ಣೆದುರೇ ಇದೆ. ಪರ್ಷಿಯಾದ ಗೀಲಾನಿನಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಗಾವಾನ್ 1472ರಲ್ಲಿ ಕಟ್ಟಿಸಿದ ಮೂರಂತಸ್ತಿನ ಈ ವಿದ್ಯಾಸಂಸ್ಥೆಗೆ ಮೊದಲು ಎರಡು ಮಿನಾರುಗಳಿದ್ದವು. 1696ರಲ್ಲಿ ಒಳಗೆ ಶೇಖರಿಸಿದ್ದ ಸಿಡಿಮದ್ದು ಸ್ಫೋಟಿಸಿ ಮುಂಭಾಗದ ಒಂದು ಪಾರ್ಶ್ವವೇ ಹಾರಿಹೋಯಿತು. ಉಳಿದ ಮಿನಾರಿನ ಮೇಲಿನ ನೀಲಿ, ಬಿಳಿ ಹೆಂಚುಗಳನ್ನು ನೋಡುತ್ತ ನಿವೃತ್ತ ಶಿಕ್ಷಕರಾದ ಮಾವನವರು, ಪಾಠಶಾಲೆಯಲ್ಲಿ ಮದ್ದು ತುಂಬಿಸಿಟ್ಟವರ ಬುದ್ಧಿಗೆ ಏನೆನ್ನಬೇಕು ಎಂದು ಬಹಳ ಹೊತ್ತು ಬೇಸರಪಟ್ಟುಕೊಂಡರು. ಅದರ ಹತ್ತಿರದ ಚೌಬಾರಾ ಗೋಪುರವನ್ನು ಕಾರಿನಿಂದಲೇ ನೋಡಿದೆವು; ಎದೆಮಟ್ಟದ ನೀರಿನಲ್ಲಿ ನಡೆಯಬೇಕಾದ ನರಸಿಂಹ ಝರಣಿ ಗುಹಾ ದೇವಾಲಯವನ್ನು ಪಟ್ಟಿಗೇ ಸೇರಿಸಿರಲಿಲ್ಲ.

ಬಿದರಿ ಸಾಮಾನಿನ ಅಂಗಡಿಗೆ ಚಾಲಕರು ಕರೆದೊಯ್ದಾಗ ಮಾತ್ರ ನನಗೆ ಸ್ವಲ್ಪ ಸಂಶಯ ಬಂತು, ಏಕೆಂದರೆ ದರಗಳು ದಲ್ಲಾಳಿತನವನ್ನು ಒಳಗೊಂಡಿದ್ದವು ಎಂಬುದು ಪಕ್ಕದ ಬೀದಿಯಲ್ಲಿ ಕುಶಲಕರ್ಮಿಯೊಬ್ಬರನ್ನು ವಿಚಾರಿಸಿದ ಕೂಡಲೇ ತಿಳಿಯಿತು. ಕೊಳ್ಳಲೇಬೇಕೆಂದು ಚಾಲಕರು ಒತ್ತಾಯಿಸಲಿಲ್ಲ ಎಂಬುದನ್ನೂ ಹೇಳಬೇಕು. ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಕೆತ್ತಿ, ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸಿ, ಕೊನೆಗೆ ಕೋಟೆಯ ಹಳೆಯ ಮಣ್ಣು ಬೆರೆಸಿದ ದ್ರಾವಣದಲ್ಲಿ ಅದ್ದಿದಾಗ ಲೋಹ ಕಪ್ಪಾಗಿ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಈ ಕೆಲಸವನ್ನು ಕಣ್ಣಾರೆ ನೋಡಬೇಕೆನ್ನುವವರು ಹೊಳೆಯುವ ಶೋರೂಮಿಗಿಂತ ಕೆಲಸ ನಡೆಯುವ ಮನೆಗಳಿಗೆ ಕರೆದೊಯ್ಯುವಂತೆ ಕೇಳಿಕೊಳ್ಳುವುದು ಒಳ್ಳೆಯದು. ಅತ್ತೆಯವರು ಆ ಕುಶಲಕರ್ಮಿಯ ಬಳಿಯೇ ಒಂದು ಚಿಕ್ಕ ಡಬ್ಬಿ ಕೊಂಡರು.

ಬೀದರ್ ಹತ್ತಿರದ ಅಷ್ಟೂರಿನ ಗುಮ್ಮಟಗಳಿಗೆ ಬಿಸಿಲು ಇಳಿದ ಮೇಲೆ ಕರೆದೊಯ್ದದ್ದು ಚಾಲಕರ ಜಾಣತನ. ರಸ್ತೆಯ ಪಕ್ಕದಲ್ಲಿಯೇ ಸಾಲಾಗಿ ನಿಂತಿರುವ ಈ ಬಹಮನಿ ಸಮಾಧಿಗಳಲ್ಲಿ, ಸಿಡಿಲು ಬಡಿದು ಒಡೆದ, ಬಹಮನಿ ಸುಲ್ತಾನ ಹುಮಾಯೂನನ ಗುಮ್ಮಟದ ಒಳಮೈ ಬಯಲಾಗಿದ್ದು, ಗುಮ್ಮಟವನ್ನು ಹೇಗೆ ಕಟ್ಟುತ್ತಿದ್ದರೆಂದು ಮಕ್ಕಳಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಮಾದರಿ ಸಿಗದು. ಅಹ್ಮದ್ ಶಾ ವಲಿಯ ಸಮಾಧಿಯ ಒಳಗೋಡೆಯ ಬಣ್ಣಗಳು ಇಂದಿಗೂ ಗಾಢವಾಗಿವೆ. ಕತ್ತಲೆಗೆ ಕಣ್ಣು ಹೊಂದಿಕೊಳ್ಳುವವರೆಗೆ ಕಾಯಬೇಕು. ಈ ಸುಲ್ತಾನರನ್ನು ಅಲ್ಲಮಪ್ರಭು ಎಂದು ನಂಬಿ ನಡೆದುಕೊಳ್ಳುವ ಭಕ್ತರಿದ್ದಾರೆ, ಉರುಸಿಗೆ ನಮ್ಮ ಆಳಂದ ತಾಲ್ಲೂಕಿನ ಮಾಡಿಯಾಳದಿಂದ ಜಂಗಮರು ಬರುತ್ತಾರೆ ಎಂಬುದನ್ನು ಚಾಲಕರೇ ಹೇಳಿದರು. ಮಾರ್ಗದರ್ಶಿಗೆ ಕೊಟ್ಟ ಹಣವನ್ನು ಇವರಿಗೇ ಕೊಡಬಹುದಿತ್ತು ಎಂದು ಅತ್ತೆಯವರು ಅಲ್ಲಿಯೇ ತೀರ್ಪಿತ್ತರು.

ಒಟ್ಟಿನಲ್ಲಿ ಹಣಕ್ಕೆ ಮೋಸವಿಲ್ಲದ ಸೇವೆ, ಆದರೆ ಯಾವ ಚಾಲಕರು ಬರುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮುಂಗಡ ಕೊಡುವ ಮೊದಲೇ ಬೀದರ್ ಬಲ್ಲ ಚಾಲಕರೇ ಬೇಕೆಂದು ಕೇಳಿ, ಬಾಟಾ, ಪಾರ್ಕಿಂಗ್, ಕಿಲೋಮೀಟರ್ ಮಿತಿಗಳನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ನವೆಂಬರ್‌ನಿಂದ ಫೆಬ್ರುವರಿಯವರೆಗೆ ನಿಶ್ಚಿಂತೆಯಿಂದ ಹೋಗಬಹುದು. ಮಾರ್ಚ್ ಕಳೆದ ಮೇಲೆ ಕೋಟೆಯ ಬಿಸಿಲಿಗೆ ಹಿರಿಯರನ್ನು ಕರೆದೊಯ್ಯುವುದು ಬೇಡ. ಆಗ ಎಷ್ಟೇ ಒಳ್ಳೆಯ ಚಾಲಕರಿದ್ದರೂ ಮಾಡುವುದೇನೂ ಇರುವುದಿಲ್ಲ.